ಹದಿನಾರು ಚೌಕದ ಡಬ್ಬವೂ ಅಜ್ಜನ ದಫ್ಫೂ

ಪೋಷಕರು ನಮ್ಮಲ್ಲಿ ಕೇಳುವ ಪ್ರಶ್ನೆಗಳಿಗೆ ಇತ್ತೀಚೆಗೆ ಹೊಸದೊಂದು ಸೇರಿಕೊಂಡಿದೆ. ಮೊದಲೆಲ್ಲ "ಮಗ ಓದುವುದಿಲ್ಲ", "ಮೊಬೈಲ್ ಬಿಡುವುದಿಲ್ಲ", "ಸುಬ್‌ಹಿಗೆ ಏಳುವುದಿಲ್ಲ" ಎಂಬಷ್ಟೇ ಇತ್ತು. ಈಗ, "ಉಸ್ತಾದರೇ, ಹುಡುಗನಿಗೆ ಡ್ರಮ್ ಪ್ಯಾಡ್ ಬೇಕಂತೆ. ಅದು ಎಂತದ್ದು? ತೆಗೆದುಕೊಡಬಹುದಾ?" ಅಂತ. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಕಡೆ ಬೇಕರಿ, ಹೋಟೆಲು, ಜ್ಯೂಸ್ ಅಂಗಡಿ ಅಂತ ಬಂದು ನಿಂತ ನಮ್ಮ ಕರಾವಳಿಯ ಕುಟುಂಬಗಳು ಕೆಲವೇ ಕೆಲವು. ಆ ಕೆಲವರಲ್ಲೇ ಮೂರು ಮನೆಯಿಂದ ಇದೇ ಪ್ರಶ್ನೆ ಬಂದ ಮೇಲೆ, ಬಿಡಿ ಬಿಡಿಯಾಗಿ ಉತ್ತರಿಸುವುದಕ್ಕಿಂತ ಇಲ್ಲಿಯೇ ಬರೆದುಬಿಡೋಣ ಅಂತ ಕಂಡಿತು. ಊರಲ್ಲಿರುವವರಿಗೂ ಇದರಲ್ಲಿ ಕೆಲಸ ಉಂಟು.

ಮೊದಲು ವಸ್ತು ಯಾವುದು ಅಂತ ನೋಡುವ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಮದ್ರಸದ ಹಾಜರಿ ಪುಸ್ತಕದಷ್ಟು ಅಗಲದ ಪೆಟ್ಟಿಗೆ. ಮೇಲೆ ರಬ್ಬರಿನ ಚೌಕಗಳು, ಎಂಟು ಇಲ್ಲವೇ ಹದಿನಾರು. ಪಕ್ಕದಲ್ಲಿ ತಿರುಗಿಸುವ ಕೆಲವು ಗುಂಡಿಗಳು. ಒಂದು ಯುಎಸ್‌ಬಿ ತಂತಿ. ಇಷ್ಟೇ. ಬೆರಳಿನಿಂದ ಚೌಕವನ್ನು ತಟ್ಟಿದರೆ ಆ ತಂತಿಯ ಮೂಲಕ ಕಂಪ್ಯೂಟರಿಗೆ ಒಂದು ಸಂದೇಶ ಹೋಗುತ್ತದೆ: ಇಂಥ ಚೌಕ, ಇಷ್ಟು ಜೋರು. ಕಂಪ್ಯೂಟರಿನಲ್ಲಿ ಆ ಚೌಕಕ್ಕೆ ಯಾವ ಸದ್ದನ್ನು ಕಟ್ಟಿ ಇಟ್ಟಿದ್ದೀರೋ ಅದು ಕೇಳುತ್ತದೆ. ಪೆಟ್ಟಿಗೆಗೆ ಸ್ವಂತ ಸದ್ದು ಅಂತ ಇಲ್ಲವೇ ಇಲ್ಲ. ತಂತಿ ಕಿತ್ತು ತಟ್ಟಿ ನೋಡಿ, ರಬ್ಬರಿನ ಡಬ್‌ಡಬ್ ಬಿಟ್ಟರೆ ಬೇರೇನೂ ಇಲ್ಲ.

ಇದನ್ನು ಒತ್ತಿ ಹೇಳಲಿಕ್ಕೆ ಕಾರಣ ಉಂಟು. ನಮ್ಮ ಹೆಚ್ಚಿನ ತಂದೆಯಂದಿರ ತಲೆಯಲ್ಲಿ 'ಪ್ಯಾಡ್' ಅಂದರೆ ಆರ್ಕೆಸ್ಟ್ರಾದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೋಲಿನಿಂದ ಬಾರಿಸುವ ಆಕ್ಟೋಪ್ಯಾಡ್. ರೋಲ್ಯಾಂಡ್ ಕಂಪನಿ 1985ರಲ್ಲಿ ಆ ಹೆಸರಿನ ಮೊದಲ ಸಾಧನ ತಂದಿತು; ಆಮೇಲೆ ಅದರ ಎಸ್‌ಪಿಡಿ ಸಾಲು ನಮ್ಮ ದೇಶದ ಸ್ಟೇಜುಗಳನ್ನೆಲ್ಲ ಆವರಿಸಿತು. ಆ ಎಸ್‌ಪಿಡಿಗಳಿಗೆ ಒಳಗೇ ಸದ್ದು ಉಂಟು, ಕೋಲಿನ ಹೊಡೆತ ತಡೆಯುವ ಗಟ್ಟಿತನ ಉಂಟು, ಬೆಲೆಯೂ ಹಾಗೆಯೇ ಹಲವು ಪಟ್ಟು. ಮನೆಯಲ್ಲಿ ಲ್ಯಾಪ್‌ಟಾಪಿನ ಪಕ್ಕ ಇಟ್ಟುಕೊಳ್ಳುವ ಸಣ್ಣ ಪ್ಯಾಡ್ ಕಂಟ್ರೋಲರಿಗೆ ಕೋಲು ಹಾಕಿದರೆ ವಾರದಲ್ಲಿ ಹಾಳು. ಇದು ಬೆರಳಿನ ವಸ್ತು. ಹುಡುಗ ಕೇಳುತ್ತಿರುವುದು ಯಾವುದು, ಮನೆಯಲ್ಲಿ ಕೂತು ಮಾಡುವ ರೆಕಾರ್ಡಿಂಗಿಗಾ ಅಥವಾ ಸ್ಟೇಜಿಗಾ, ಅದನ್ನು ಮೊದಲು ಕೇಳಿ. ಈ ಒಂದು ಪ್ರಶ್ನೆಗೇ ಅರ್ಧ ಜಗಳ ಮುಗಿಯುತ್ತದೆ.

ಇನ್ನರ್ಧ ಜಗಳ ದೀನಿನ ವಿಷಯದ್ದು. "ಉಸ್ತಾದರು ಸಂಗೀತದ ಡಬ್ಬದ ಬಗ್ಗೆ ಬರೆಯುವುದಾ" ಅಂತ ಹುಬ್ಬೇರಿಸುವವರು ಇದ್ದಾರೆ. ಫತ್ವಾ ಕೊಡುವುದು ನಮ್ಮ ಕೆಲಸ ಅಲ್ಲ, ನಿಮ್ಮ ಊರಿನ ಖಾಝಿಗಳು ಇದ್ದಾರೆ. ಆದರೆ ನಾವು ಕಲಿತ, ಕಲಿಸುವ ಕಿತಾಬಿನಲ್ಲಿ ಇರುವುದನ್ನು ಹೇಳಲಿಕ್ಕೆ ಅಡ್ಡಿ ಇಲ್ಲ. ಈದಿನ ದಿನ ಆಯಿಶಾ (ರ.ಅ.) ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಾರಿಸಿ ಹಾಡುತ್ತಿದ್ದಾಗ ಪ್ರವಾದಿಯವರು (ಸ.ಅ.) ತಡೆಯಲಿಲ್ಲ, ತಡೆಯಲು ಹೋದ ಅಬೂಬಕರ್ (ರ.ಅ.) ಅವರನ್ನೇ ಬಿಡಿ ಅಂದರು. ಬುಖಾರಿಯಲ್ಲೂ ಮುಸ್ಲಿಮಿನಲ್ಲೂ ಇರುವ ಹದೀಸ್ ಇದು. ಶಾಫಿಈಗಳಾದ ನಮಗೆ ಇಮಾಮ್ ನವವಿಯವರ ಮಿನ್‌ಹಾಜ್ ದೊಡ್ಡ ಆಧಾರ. ಮದುವೆಗೂ ಮುಂಜಿಗೂ ದಫ್ ಆಗುತ್ತದೆ, ಬೇರೆ ಸಂದರ್ಭಕ್ಕೂ ಹೆಚ್ಚು ಸರಿಯಾದ ಅಭಿಪ್ರಾಯದಂತೆ ಆಗುತ್ತದೆ, ಗೆಜ್ಜೆ ಇದ್ದರೂ ಆಗುತ್ತದೆ ಎಂದು ಅದರಲ್ಲಿ ಉಂಟು. ಅದೇ ಕಿತಾಬು ಕೂಬ ಎಂಬ ನಡು ಸಣ್ಣಗಾದ ಉದ್ದ ಡೋಲು ಬೇಡ ಅಂತಲೂ ಹೇಳುತ್ತದೆ. ಅಂದರೆ ಹಿಂದಿನವರು ಚರ್ಮದ ಸದ್ದನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟಿ ಎಸೆದವರೂ ಅಲ್ಲ, ಒಂದೇ ಮೂಟೆಯಲ್ಲಿ ಒಳಗೆ ತಂದವರೂ ಅಲ್ಲ. ಒಂದೊಂದನ್ನೂ ನೋಡಿ, ಎಲ್ಲಿ ಯಾಕೆ ಬಾರಿಸುತ್ತಾರೆ ಅಂತ ವಿಚಾರಿಸಿ ಹೇಳಿದವರು. ಇಮಾಂ ಗಝ್ಝಾಲಿಯವರು ಇಹ್ಯಾದಲ್ಲಿ ಹಾಡು ಕೇಳುವುದರ ಬಗ್ಗೆಯೇ ಒಂದು ಇಡೀ ಭಾಗ ಬರೆದಿದ್ದಾರೆ.

ನಮ್ಮ ತಿಳುವಳಿಕೆಯಲ್ಲಿ ಸದ್ದೇ ಇಲ್ಲದ ಪೆಟ್ಟಿಗೆ ಖಾಲಿ ಪಾತ್ರೆಯ ಹಾಗೆ. ಅದಕ್ಕೆ ಎಂತ ಹಾಕುತ್ತೀರಿ ಎಂಬುದು ಪ್ರಶ್ನೆ. ಇದನ್ನು ಒಪ್ಪದವರ ಮನೆಗೆ ಡಬ್ಬ ತೆಗೆದುಕೊಂಡು ಹೋಗಿ ಅಂತ ನಾವು ಹೇಳುವುದಿಲ್ಲ.

ಒಂದು ವಿಷಯ ಮಾತ್ರ ಹುಡುಗರಿಗೆ ಹೇಳಲಿಕ್ಕೆ ನಮಗೆ ಬಹಳ ಖುಷಿ. ಕೊಟ್ಟ ತಾಳವನ್ನು ತಾನೇ ಬಾರಿಸುವ ಯಂತ್ರದ ಕಲ್ಪನೆ ಜಪಾನಿನದ್ದೂ ಅಲ್ಲ, ಅಮೆರಿಕದ್ದೂ ಅಲ್ಲ. 1206ರಲ್ಲಿ, ಈಗಿನ ತುರ್ಕಿಯ ದಿಯಾರ್‌ಬಕ್ರಿನಲ್ಲಿ ಅರ್ತುಕಿದ್ ರಾಜರ ಬಳಿ ಕೆಲಸಕ್ಕಿದ್ದ ಅಲ್ ಜಝರಿ ಯಂತ್ರಗಳ ಬಗ್ಗೆ ತನ್ನ ದೊಡ್ಡ ಕಿತಾಬು ಮುಗಿಸಿದ. ಅದರಲ್ಲಿ ಒಂದು ದೋಣಿ ಉಂಟು. ಅದರಲ್ಲಿ ವಾದ್ಯ ನುಡಿಸುವ ಗೊಂಬೆಗಳು. ನೀರಿನ ಬಲಕ್ಕೆ ಒಂದು ಉರುಳೆ ತಿರುಗುತ್ತದೆ, ಅದಕ್ಕೆ ಹೊಡೆದ ಮೊಳೆಗಳು ಸನ್ನೆಗೋಲುಗಳನ್ನು ತಟ್ಟುತ್ತವೆ, ಡೋಲಿನ ಗೊಂಬೆಯ ಕೈ ಏಳುತ್ತದೆ, ಬೀಳುತ್ತದೆ. ಮೊಳೆಯ ಜಾಗ ಬದಲಾಯಿಸಿದರೆ ತಾಳ ಬದಲು. ಇವತ್ತಿನ ಹುಡುಗರು ಪರದೆಯ ಮೇಲೆ ಚೌಕ ಚೌಕವಾಗಿ ಗುರುತು ಹಾಕಿ ಬೀಟ್ ಮಾಡುವುದಕ್ಕೂ ಆ ಮೊಳೆಗೂ ತತ್ವದಲ್ಲಿ ಏನೂ ವ್ಯತ್ಯಾಸ ಇಲ್ಲ. ಹದಿನಾರು ಚೌಕದ ಆಕಾರ ಹತ್ತಿರದ್ದು: ರೋಜರ್ ಲಿನ್ ಎಂಬ ಅಮೆರಿಕದವರು ಜಪಾನಿನ ಅಕಾಯಿ ಕಂಪನಿಗೆ 1988ರಲ್ಲಿ ಮಾಡಿಕೊಟ್ಟ ಎಂಪಿಸಿ 60ರಲ್ಲಿ ನಾಲ್ಕು ಸಾಲು, ನಾಲ್ಕು ಕಂಬ. ಇಂದಿಗೂ ಹೆಚ್ಚಿನವರು ಅದನ್ನೇ ಅನುಸರಿಸುತ್ತಿದ್ದಾರೆ. ಬೇರೆ ಬೇರೆ ಕಂಪನಿಗಳ ವಾದ್ಯ, ಕಂಪ್ಯೂಟರು ಒಂದಕ್ಕೊಂದು ಮಾತಾಡುವ 'ಮಿಡಿ' ಎಂಬ ಭಾಷೆ 1983ರದ್ದು. ನಲವತ್ತು ವರ್ಷ ದಾಟಿದರೂ ಅದು ಹಾಳಾಗಲಿಲ್ಲ. ಆದ್ದರಿಂದ ಹಳೆಯ ಪ್ಯಾಡ್ ಕೂಡ ಇವತ್ತಿನ ಲ್ಯಾಪ್‌ಟಾಪಿಗೆ ಹೊಂದುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೆನಪಿಡಿ.

ಈಗ ಮುಖ್ಯ ವಿಷಯ, ಕೊಳ್ಳುವುದಾದರೆ ಯಾವುದು.

ನಮ್ಮ ಹುಡುಗರಿಗೆ ಬೇಕಾದ್ದು ಎಂತದ್ದು ಅಂತ ನೋಡಿದರೆ ಉತ್ತರ ಸುಲಭ. ಅವರು ಬ್ಯಾರಿ ಪಾಟಿಗೆ, ಮದುವೆ ಹಾಡಿಗೆ, ರಬೀವುಲ್ ಅವ್ವಲಿನ ಮದ್‌ಹ್ ಹಾಡಿಗೆ ದಫ್ಫಿನ ಹಿನ್ನೆಲೆ ಕೂರಿಸಲಿಕ್ಕೆ ನೋಡುತ್ತಿದ್ದಾರೆ. ದಫ್ಫಿನ ಜೀವ ಇರುವುದು ಕೈಯ ಭಾರದಲ್ಲಿ. ಅದೇ ಕೈ ನಡುವಿಗೆ ಮೆಲ್ಲನೆ ಬಿದ್ದರೆ ಒಂದು, ಅಂಚಿಗೆ ಚುರುಕಾಗಿ ಬಿದ್ದರೆ ಇನ್ನೊಂದು, ಬಿದ್ದು ಅಲ್ಲೇ ಅದುಮಿ ಹಿಡಿದರೆ ಮತ್ತೊಂದು. ಹಾಡು ಏರುವಾಗ ಕೈಯೂ ಏರಬೇಕು. ಹಾಗಾಗಿ ಪ್ಯಾಡಿನಲ್ಲಿ ಮೊದಲು ನೋಡಬೇಕಾದ್ದು ಒಂದೇ: ಮೆಲ್ಲನೆಯ ತಟ್ಟಿಗೂ ಜೋರಿನ ತಟ್ಟಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುತ್ತದಾ ಇಲ್ಲವಾ? ಇದಕ್ಕೆ ವೆಲಾಸಿಟಿ ಅಂತ ಹೆಸರು. ಮಿಡಿ ಭಾಷೆಯಲ್ಲಿ 1ರಿಂದ 127ರ ತನಕ ಅಳತೆ. ಇದು ಇಲ್ಲದ ಪ್ಯಾಡಿನಲ್ಲಿ ಎಷ್ಟು ಮೃದುವಾಗಿ ಮುಟ್ಟಿದರೂ ಒಂದೇ ಹೊಡೆತ, ಕರೆಗಂಟೆಯ ಹಾಗೆ.

ಮಿನುಗುವ ಬಣ್ಣದ ದೀಪಗಳ ಮೋಹಕ್ಕೆ ಹುಡುಗರು ಬೀಳುವುದು ಇಲ್ಲಿಯೇ. ನೊವೇಶನ್ ಕಂಪನಿಯ ಲಾಂಚ್‌ಪ್ಯಾಡ್ ಮಿನಿ ಉಂಟಲ್ಲ, ಅರುವತ್ತನಾಲ್ಕು ಸಣ್ಣ ಚೌಕ, ಎಲ್ಲದಕ್ಕೂ ಬಣ್ಣದ ಬೆಳಕು, ವೀಡಿಯೋದಲ್ಲಿ ನೋಡಲಿಕ್ಕೆ ಭಾರೀ ಚಂದ. ಅದರ ಮೂರನೇ ಆವೃತ್ತಿಯಲ್ಲೂ ಚೌಕಗಳಿಗೆ ಜೋರು-ಮೆಲ್ಲನೆ ತಿಳಿಯುವುದಿಲ್ಲ. ಅದು ಕೆಟ್ಟ ಸಾಮಾನು ಅಂತ ಅಲ್ಲ. ಮೊದಲೇ ಮಾಡಿಟ್ಟ ತುಣುಕುಗಳನ್ನು ಒಂದರ ಮೇಲೊಂದು ಹಚ್ಚಲಿಕ್ಕೆ ಮಾಡಿದ್ದು ಅದು. ದಫ್ಫಿನ ಕೈಗೆ ಅಲ್ಲ. ಮಾಲೂರಿನ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಅಂಗಡಿಯವನು 'ಡ್ರಮ್ಮಿಗೆ ಇದೇ ಬೆಸ್ಟ್' ಅಂತ ದೀಪದ ಪೆಟ್ಟಿಗೆ ಕೊಟ್ಟು ಕಳಿಸಿದ. ಹುಡುಗ ಎರಡು ವಾರ ಬಡಿದ, ಆಮೇಲೆ ಅದು ಅಲ್ಮಾರಿಯ ಮೇಲೆ. "ಇವನಿಗೆ ಎಲ್ಲ ಎರಡು ವಾರದ ಆಸೆ" ಅಂತ ಉಪ್ಪನ ತೀರ್ಪೂ ಆಯಿತು. ಹುಡುಗನ ಆಸೆ ಎರಡು ವಾರದ್ದಲ್ಲ ಮಾರಾಯ್ರೇ, ವಸ್ತುವೇ ಬೇರೆ.

ಹತ್ತು ಸಾವಿರದ ಗೆರೆ ಹಾಕಿಕೊಳ್ಳಿ ಅಂತ ನಾವು ಪೋಷಕರಿಗೆ ಹೇಳುತ್ತೇವೆ. ಮೊದಲ ಪ್ಯಾಡಿಗೆ ಅದಕ್ಕಿಂತ ಮೇಲೆ ಹೋಗುವ ಅಗತ್ಯ ಕಾಣುವುದಿಲ್ಲ. ಅದರ ಆಸುಪಾಸಿನಲ್ಲಿ ಹುಡುಗರ ಬಾಯಲ್ಲಿ ಕೇಳಿಬರುವ ಹೆಸರುಗಳು ಮೂರ್ನಾಲ್ಕು. ಅಕಾಯಿಯ ಎಲ್‌ಪಿಡಿ 8: ಎಂಟು ಚೌಕ, ಎಂಟು ಗುಂಡಿ, ಶಾಲೆ ಬ್ಯಾಗಿನಲ್ಲಿ ಹಿಡಿಯುತ್ತದೆ. ಅದೇ ಕಂಪನಿಯ ಎಂಪಿಡಿ 218: ಹದಿನಾರು ದಪ್ಪ ಚೌಕ, ಆರು ಗುಂಡಿ, ಮೂರು ಬ್ಯಾಂಕ್, ಅಂದರೆ ಒಂದು ಬಟನ್ ಒತ್ತಿದರೆ ಅದೇ ಚೌಕಗಳು ಬೇರೆ ಸದ್ದಿಗೆ ತಿರುಗಿ ಒಟ್ಟು ನಲವತ್ತೆಂಟು ಆಗುತ್ತವೆ. ಕಾರ್ಗ್ ಕಂಪನಿಯ ನ್ಯಾನೋಪ್ಯಾಡ್ 2: ಎಂಟೆಂಟರ ಎರಡು ಸಾಲು, ತೆಳ್ಳಗೆ, ಹಗುರ, ಪಕ್ಕದಲ್ಲಿ ಬೆರಳಾಡಿಸುವ ಒಂದು ಚೌಕ. ಮತ್ತೊಂದು ಎಂಪಿಕೆ ಮಿನಿ: ಇಪ್ಪತ್ತೈದು ಸಣ್ಣ ಪಿಯಾನೋ ಕೀಲಿಗಳ ಜೊತೆ ಎಂಟು ಚೌಕ.

ನಮ್ಮ ಅಭಿಪ್ರಾಯ ಕೇಳಿದರೆ, ದಫ್ಫಿಗೆ ಹದಿನಾರು ದಪ್ಪ ಚೌಕದ್ದೇ. ಯಾಕೆಂದರೆ ಒಂದು ದಫ್ಫಿನ ನಾಲ್ಕು ಬಗೆಯ ಹೊಡೆತ, ಬಲಗೈಗೊಂದು ಎಡಗೈಗೊಂದು ಅಂತ ಇಟ್ಟುಕೊಂಡರೆ ಎಂಟು ಅಲ್ಲೇ ಮುಗಿಯಿತು. ಕೈಚಪ್ಪಾಳೆ, ಇನ್ನೊಂದು ದಪ್ಪ ಸ್ವರದ ದಫ್, ಗೆಜ್ಜೆ ಇವಕ್ಕೆ ಜಾಗ ಬೇಡವಾ? ಬ್ಯಾಂಕ್ ಬದಲಾಯಿಸುತ್ತಾ ಕೂತರೆ ತಾಳ ತಪ್ಪುತ್ತದೆ. ಆದರೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಊಟದ ಮೇಜೇ ಓದುವ ಮೇಜೂ ಆಗಿರುವಾಗ, ಎಂಟು ಚೌಕದ ಸಣ್ಣದು ಸಾಕು ಅನ್ನುವವರ ಮಾತನ್ನೂ ತಳ್ಳಿಹಾಕಲಿಕ್ಕೆ ಆಗುವುದಿಲ್ಲ. ಕೀಲಿಮಣೆ ಇರುವುದು ರಾಗ ಕೂರಿಸುವ ಮಕ್ಕಳಿಗೆ. ಬರೀ ತಾಳಕ್ಕೆ ಆದರೆ ಆ ಕೀಲಿಗಳಿಗೆ ಕೊಟ್ಟ ದುಡ್ಡು ದಂಡ. ಹೆಸರೇ ಕೇಳದ ಅಗ್ಗದ ಪ್ಯಾಡುಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವು ಪರವಾಗಿಲ್ಲ, ಕೆಲವು ಒಂದು ಸಲ ತಟ್ಟಿದರೆ ಎರಡು ಸಲ ಹೊಡೆಯುತ್ತವೆ. ಕೈಯಲ್ಲಿ ತಟ್ಟಿ ನೋಡದೆ ಅಂಥದ್ದನ್ನು ತರಿಸಬೇಡಿ.

ತಟ್ಟಿ ನೋಡುವುದು ಎಲ್ಲಿ ಅಂತ ಕೇಳುತ್ತೀರಿ. ಬೆಂಗಳೂರಿಗೇ ಹೋಗಬೇಕು. ಮಾಲೂರಿನವರಿಗೆ ರೈಲು ಉಂಟು. ಮುಳಬಾಗಿಲಿಗೆ ರೈಲಿಲ್ಲ, ಆದರೆ ರಾಷ್ಟ್ರೀಯ ಹೆದ್ದಾರಿ 75 ಮನೆ ಮುಂದೆಯೇ. ಬಂಟ್ವಾಳದಲ್ಲಿ ಹುಟ್ಟಿ, ಶಿರಾಡಿ ಹತ್ತಿ, ಹಾಸನ, ಬೆಂಗಳೂರು, ಕೋಲಾರ, ಮುಳಬಾಗಿಲು ದಾಟಿ ವೆಲ್ಲೂರಿಗೆ ಹೋಗುವ ರಸ್ತೆ ಅದು. ಊರು ಬಿಟ್ಟು ಬಂದೆವು ಅಂತ ನಾವು ಹೇಳುವುದು, ರಸ್ತೆ ಲೆಕ್ಕದಲ್ಲಿ ನೋಡಿದರೆ ನಾವು ಇನ್ನೂ ಅದೇ ಬೀದಿಯವರು! ಇರಲಿ. ಅಂಗಡಿಯಲ್ಲಿ ಹುಡುಗನಿಗೆ ಹೇಳಿ: ಪ್ರತಿ ಚೌಕವನ್ನೂ ಬೆರಳ ತುದಿಯಿಂದ ಹಾಡಿನ ಜೋಗುಳದಷ್ಟು ಮೆಲ್ಲಗೆ ತಟ್ಟು, ಸದ್ದು ಬರುತ್ತದಾ ನೋಡು. ಮೂಲೆಯಲ್ಲಿ ತಟ್ಟು. ಎರಡು ಬೆರಳಿನಿಂದ ವೇಗವಾಗಿ ಹೊಡೆ. ಒಂದನ್ನು ಜೋರಾಗಿ ಬಡಿದಾಗ ಪಕ್ಕದ್ದು ತಾನಾಗಿ ಕೂಗುತ್ತದಾ ಕೇಳು. ಸೆಕೆಂಡ್ ಹ್ಯಾಂಡಿಗೆ ಇದು ಇನ್ನೂ ಮುಖ್ಯ, ಸತ್ತ ಚೌಕ ಒಂದಾದರೂ ಇರುತ್ತದೆ. ತಂತಿಯನ್ನೂ ನೋಡಿ. ಮೊಬೈಲ್ ಚಾರ್ಜಿಗೆ ಮಾತ್ರ ಆಗುವ ತಂತಿ ಹಾಕಿ 'ಪ್ಯಾಡ್ ಹಾಳು' ಅಂತ ವಾಪಸ್ ಕೊಟ್ಟವರಿದ್ದಾರೆ. ಅಂಥ ತಂತಿಯಲ್ಲಿ ಕರೆಂಟು ಹೋಗುತ್ತದೆ, ಸಂದೇಶ ಹೋಗುವುದಿಲ್ಲ.

ಯುಎಸ್‌ಬಿಯಲ್ಲೇ ಓಡುವುದರಿಂದ ಇದಕ್ಕೆ ಬೇರೆ ಕರೆಂಟು ಬೇಡ. ಲ್ಯಾಪ್‌ಟಾಪಿನ ಬ್ಯಾಟರಿ ಇರುವ ತನಕ ನಡೆಯುತ್ತದೆ. ನಮ್ಮ ಕಡೆಯ ವಿದ್ಯುತ್ ಗೊತ್ತಿರುವವರಿಗೆ ಇದು ಸಣ್ಣ ಮಾತಲ್ಲ.

ಹುಡುಗರು ತಲೆ ಕೆಡಿಸಿಕೊಳ್ಳುವ ಇನ್ನೊಂದು ಸಂಗತಿ ತಡ. ತಟ್ಟಿದ್ದು ಈಗ, ಕೇಳಿದ್ದು ಆಮೇಲೆ. ಹೆಚ್ಚಿನ ಸಲ ಇದು ಪ್ಯಾಡಿನ ದೋಷ ಅಲ್ಲ, ಕಂಪ್ಯೂಟರಿನ ಸೆಟ್ಟಿಂಗು. ಸದ್ದನ್ನು ಕಂಪ್ಯೂಟರು ಬುಟ್ಟಿ ಬುಟ್ಟಿಯಾಗಿ ಹೊರಗೆ ಕಳಿಸುತ್ತದೆ. ಆ ಬುಟ್ಟಿಗೆ ಬಫರ್ ಅಂತ ಹೆಸರು. ಸೆಕೆಂಡಿಗೆ 44,100 ತುಣುಕು ಅಂತ ಲೆಕ್ಕ. ಬುಟ್ಟಿ 1024 ತುಣುಕಿನದ್ದಾದರೆ ಅದು ತುಂಬಲಿಕ್ಕೇ ಸುಮಾರು 23 ಮಿಲಿಸೆಕೆಂಡು ಬೇಕು; 256ಕ್ಕೆ ಇಳಿಸಿದರೆ ಆರಕ್ಕಿಂತ ಕಡಿಮೆ. 23 ಅಂದರೆ ಎಷ್ಟು? ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಗಾದರೆ 23 ಮಿಲಿಸೆಕೆಂಡು ಅಂದರೆ ಎಂಟು ಮೀಟರ್ ಆಚೆ ಕೂತವನ ದಫ್ ಕೇಳಿ ತಾಳ ಹಿಡಿದ ಹಾಗೆ. ಆರು ಮಿಲಿಸೆಕೆಂಡು ಅಂದರೆ ಎದುರು ಸಾಲಿನವನ ಜೊತೆ ಬಾರಿಸಿದ ಹಾಗೆ. ದಫ್ ತಂಡದಲ್ಲಿ ಕೂತವರಿಗೆ ಈ ವ್ಯತ್ಯಾಸ ವಿವರಿಸಿ ಹೇಳಬೇಕಾಗಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅಸಿಯೋ ಎಂಬ ಬಗೆಯ ಡ್ರೈವರ್ ಬೇಕು, ಅಸಿಯೋ ಫಾರ್ ಆಲ್ ಅಂತ ಒಂದು ಉಚಿತವಾಗಿಯೇ ಸಿಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಹಾಕಿಕೊಳ್ಳಬೇಡಿ. ಅದು ಹಾಡು ಕೇಳಲಿಕ್ಕೆ ಸರಿ, ಬಾರಿಸಲಿಕ್ಕೆ ಅಲ್ಲ. ಅದರ ತಡ ಬಫರಿನದ್ದಕ್ಕಿಂತ ಬಹಳ ದೊಡ್ಡದು. ತಂತಿ ಇರುವ ಸಾದಾ ಹೆಡ್‌ಫೋನೇ ಉತ್ತಮ.

ತಂತ್ರಾಂಶದ ವಿಷಯದಲ್ಲಿ ನಮಗೆ ಸ್ವಲ್ಪ ಸಿಟ್ಟೇ ಉಂಟು. ನಮ್ಮ ಹುಡುಗರಿಗೆ ಕ್ರ್ಯಾಕ್ ಮಾಡಿದ್ದು ಹಾಕುವುದು ಅಭ್ಯಾಸವೇ ಆಗಿಬಿಟ್ಟಿದೆ. ಸಾವಿರಾರು ರೂಪಾಯಿಯ ತಂತ್ರಾಂಶವನ್ನು ಗೆಳೆಯನ ಪೆನ್‌ಡ್ರೈವಿನಿಂದ ಎತ್ತಿ ಹಾಕಿ, ಅದರಲ್ಲಿ ಪ್ರವಾದಿಯವರ ಮದ್‌ಹ್ ಹಾಡಿಗೆ ಸಂಗೀತ ಕೂರಿಸುವುದು! ಕದ್ದ ಚಾಪೆಯ ಮೇಲೆ ನಮಾಝ್ ಮಾಡುವುದಕ್ಕೂ ಇದಕ್ಕೂ ಏನು ಅಂತರ? ಅದರ ಮೇಲೆ ವೈರಸ್ಸಿನ ಕಾಟ ಬೇರೆ. ಕಳವು ಮಾಡುವ ಅಗತ್ಯವೇ ಇಲ್ಲ ಇಲ್ಲಿ. ಅಕಾಯಿಯವರೇ ಎಂಪಿಸಿ ಬೀಟ್ಸ್ ಎಂಬುದನ್ನು ಬಿಟ್ಟಿಯಾಗಿ ಕೊಟ್ಟಿದ್ದಾರೆ. ಎಲ್‌ಎಂಎಂಎಸ್ ಎಂಬುದು ಎಲ್ಲರಿಗೂ ತೆರೆದದ್ದು. ಐಫೋನ್, ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಜೊತೆಗೇ ಬರುತ್ತದೆ. ಹೊಸ ಪ್ಯಾಡಿನ ಪೆಟ್ಟಿಗೆಯೊಳಗೆ ಹೆಚ್ಚಾಗಿ ಒಂದು ಸಣ್ಣ ತಂತ್ರಾಂಶದ ಪರವಾನಗಿಯೂ ಇರುತ್ತದೆ. ಆ ಚೀಟಿಯನ್ನು ಪೆಟ್ಟಿಗೆ ಜೊತೆ ಎಸೆಯಬೇಡಿ.

ಕಂತಿನಲ್ಲಿ ಕೊಳ್ಳುವವರಿಗೂ ಒಂದು ಮಾತು. 'ಬಡ್ಡಿ ಇಲ್ಲದ ಕಂತು' ಅಂತ ಬರೆದಿದ್ದರೂ ಅಡಿಯಲ್ಲಿರುವ ಸಣ್ಣ ಅಕ್ಷರ ಓದಿ. ಹತ್ತು ಸಾವಿರದ ಆಟಿಕೆಗೆ ಬಡ್ಡಿ ಕಟ್ಟುವುದಕ್ಕಿಂತ ನಾಲ್ಕು ತಿಂಗಳು ಕಾದರೆ ಹುಡುಗನಿಗೆ ನಿಜವಾಗಿ ಬೇಕಾ ಅಂತಲೂ ಗೊತ್ತಾಗುತ್ತದೆ. ಶ್ರೀನಿವಾಸಪುರದ ಒಬ್ಬ ತಂದೆ ಮಾವಿನ ಸುಗ್ಗಿ ತನಕ ಕಾಯಿರಿ ಅಂದರು. ಆ ತನಕ ಹುಡುಗ ಲ್ಯಾಪ್‌ಟಾಪಿನ ಕೀಲಿಗಳ ಮೇಲೆಯೇ ತಾಳ ಹೊಡೆದು ಕಲಿತ. ಕೀಲಿಗೆ ಜೋರು-ಮೆಲ್ಲನೆ ತಿಳಿಯದಿದ್ದರೂ ಕೈಗೆ ಲೆಕ್ಕ ಕೂತಿತು. ಜೂನಿನಲ್ಲಿ ಪ್ಯಾಡ್ ಬಂದಾಗ ಅವನು ಅದನ್ನು ಮುಟ್ಟಿದ ಬಗೆಯೇ ಬೇರೆ.

ಇಷ್ಟೆಲ್ಲ ಮಾಡಿ ಡಬ್ಬ ಬಂತು ಅಂತ ಇಟ್ಟುಕೊಳ್ಳುವ. ನಮಗೆ ನಿಜವಾಗಿ ಚಿಂತೆ ಇರುವುದು ಇಲ್ಲಿಂದ ಮುಂದೆ.

ತಂತ್ರಾಂಶ ತೆರೆದ ಕೂಡಲೇ ಅದರಲ್ಲಿ ಸಾವಿರಾರು ಸದ್ದು ಸಿದ್ಧವಾಗಿರುತ್ತದೆ. ಅಮೆರಿಕದ ಕಿಕ್ಕು, ಜಪಾನಿನ ಸ್ನೇರು, 'ಮಧ್ಯಪ್ರಾಚ್ಯ' ಅಂತ ಹೆಸರಿಟ್ಟ ಒಂದು ಗಂಟಿನಲ್ಲಿ ದರ್ಬುಕ, ರಿಕ್ಕ್. ನಮ್ಮ ಹುಡುಗ ಬ್ಯಾರಿ ಪಾಟಿಗೆ ಅದನ್ನೇ ಎಳೆದು ಹಾಕುತ್ತಾನೆ. ಇತ್ತೀಚಿನ ಎಷ್ಟೋ ಬ್ಯಾರಿ ಹಾಡುಗಳನ್ನು ಕೇಳಿ ನೋಡಿ, ಮಾತು ನಮ್ಮದು, ರಾಗ ಹೆಚ್ಚು ಕಡಿಮೆ ನಮ್ಮದು, ಹಿಂದಿನ ಬಡಿತ ಕೈರೋದ್ದೋ ಇಸ್ತಾಂಬುಲಿನದ್ದೋ. ಅದೂ ಅಲ್ಲಿಯದ್ದಲ್ಲ, ಯಾವುದೋ ಸ್ಟುಡಿಯೋದವನು ಮಾಡಿಟ್ಟ ಅದರ ನಕಲು. ಆಟಿನ ತೊಗಲು ಬಿಗಿದು, ಬೆಂಕಿಗೆ ಹಿಡಿದು ಕಾಯಿಸಿ ಏರಿಸಿದ ನಮ್ಮ ದಫ್ಫಿನ ಆ ಒಣ ಸದ್ದು, ಹತ್ತು ಹನ್ನೆರಡು ಕೈ ಒಂದೇ ಸಲ ಬಿದ್ದಾಗ ನೆಲ ನಡುಗುವ ಹಾಗೆ ಆಗುವುದು, ಅದು ಯಾವ ಗಂಟಿನಲ್ಲೂ ಇಲ್ಲ. ಕಂಪನಿಗಳಿಗೆ ನಮ್ಮ ದಫ್ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಹಂಗೂ ಅವರಿಗಿಲ್ಲ.

ಇತ್ತ ಊರಲ್ಲಿ ತಂಡಗಳಿಗೆ ಹುಡುಗರು ಸಿಗುತ್ತಿಲ್ಲ. ಕಲಿಯಬೇಕಾದ ಹುಡುಗ ಗಲ್ಫಿನಲ್ಲಿ, ಬೆಂಗಳೂರಿನಲ್ಲಿ, ನಮ್ಮ ಹಾಗೆ ಕೋಲಾರದಲ್ಲಿ. ಕಲಿಸಬೇಕಾದ ಅಜ್ಜನ ಮೊಣಕೈ ಈಗ ಏಳುವುದಿಲ್ಲ. ನಮ್ಮ ಮದ್ರಸಕ್ಕೆ ಬರುವ ಒಬ್ಬ ಹುಡುಗನ ಅಜ್ಜ ಬಂಟ್ವಾಳ ಕಡೆ ದಫ್ ತಂಡ ನಡೆಸಿದವರು. ಮೊಮ್ಮಗನಿಗೆ ಅಜ್ಜನ ಮಾತು ಅರ್ಥ ಆಗುತ್ತದೆ, ತಿರುಗಿ ಉತ್ತರ ಮಾತ್ರ ಇಲ್ಲಿಯ ಉರ್ದು ಬೆರೆತ ಕನ್ನಡದಲ್ಲಿ. ಅಜ್ಜ ಫೋನಿನಲ್ಲಿ ಬಾಯಲ್ಲೇ ತಾಳ ಹೇಳುತ್ತಾರೆ, ಇವನು ಇಲ್ಲಿ ಮೇಜಿನ ಮೇಲೆ ತಟ್ಟುತ್ತಾನೆ. ಅಂಥವನ ಕೈಗೆ ಪ್ಯಾಡ್ ಕೊಟ್ಟರೆ ಅದು ಹಾಳಾಗುತ್ತಾನೆ ಅಂತ ಹೆದರುವ ವಿಷಯ ಅಲ್ಲ. ಕೊಟ್ಟು, ಅದರಲ್ಲಿ ಅಜ್ಜನ ಕೈಯ ಬದಲು ಕಂಪನಿಯ ಕೈ ಕೂತರೆ ಮಾತ್ರ ಹೆದರಬೇಕು.

ಇಲ್ಲಿಯವರನ್ನು ನೋಡಿ ನಾವು ಕಲಿಯಬಹುದು. ಈ ಸೀಮೆ ತಮಟೆಯದ್ದು. ಜಾತ್ರೆ, ಹಬ್ಬ, ಸಾವು ಎಲ್ಲದಕ್ಕೂ ತಮಟೆ. ಅದೂ ಚೌಕಟ್ಟಿಗೆ ಬಿಗಿದ ತೊಗಲೇ, ಅದನ್ನೂ ಬೆಂಕಿಗೆ ಹಿಡಿದೇ ಶ್ರುತಿ ಮಾಡುವುದು. ದಫ್ಫಿಗೆ ಬರಿಗೈ, ತಮಟೆಗೆ ಎರಡು ಕೋಲು, ಅಷ್ಟೇ ವ್ಯತ್ಯಾಸ. 2007ರ ತನಕ ಕೋಲಾರ ಜಿಲ್ಲೆಯೇ ಆಗಿದ್ದ ಶಿಡ್ಲಘಟ್ಟ ತಾಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ಬಾರಿಸಿದ್ದಕ್ಕೆ. ದಲಿತರ ಕೇರಿಯ ವಾದ್ಯ ಅಂತ ಒಂದು ಕಾಲದಲ್ಲಿ ದೂರ ಇಟ್ಟದ್ದು ದಿಲ್ಲಿಯ ತನಕ ಹೋಯಿತು. ಬ್ಯಾರಿ ಭಾಷೆಗೆ ಸರಕಾರ 2007ರಲ್ಲೇ ಅಕಾಡೆಮಿ ಕೊಟ್ಟಿದೆ. ಅದು ಒಳ್ಳೆಯದೇ. ಆದರೆ ಅಜ್ಜಂದಿರ ಒಂದೊಂದು ಹೊಡೆತವನ್ನೂ ಹಿಡಿದಿಡುವ ಕೆಲಸಕ್ಕೆ ಅಕಾಡೆಮಿಯನ್ನೇ ಕಾಯುತ್ತಾ ಕೂರುವ ಅಗತ್ಯ ಇಲ್ಲ. ಪ್ರತಿ ಮನೆಯಲ್ಲೂ ಈಗ ಮೊಬೈಲ್ ಉಂಟು, ಅದು ಸಾಕು.

ಹೇಗೆ ಅಂತ ಹೇಳುತ್ತೇವೆ. ಬರುವ ರಜೆಗೆ ಊರಿಗೆ ಹೋದಾಗ, ದಫ್ ಬಾರಿಸುವ ಹಿರಿಯರು ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕಂಬಳಿ ಹಾಸಿದ ಕೋಣೆಯಲ್ಲಿ ಕೂರಿಸಿ. ಖಾಲಿ ಕೋಣೆ ಬೇಡ, ಗೋಡೆಯ ಮಾರ್ದನಿ ಸೇರುತ್ತದೆ. ಮೊಬೈಲನ್ನು ದಫ್ಫಿನಿಂದ ಒಂದು ಮೊಳ ದೂರ, ಸ್ವಲ್ಪ ಓರೆಯಾಗಿ ಇಡಿ. ತೀರಾ ಎದುರಿಗೆ ಇಟ್ಟರೆ ಜೋರಿನ ಹೊಡೆತಕ್ಕೆ ಸದ್ದು ಒಡೆಯುತ್ತದೆ. ಫೋನಿಗೆ ಬರುವ ಕರೆ ಬಂದ್ ಮಾಡಿ. ಮೊದಲು ಹಾಡು ಬೇಡ, ತಾಳವೂ ಬೇಡ. ಒಂದೇ ಹೊಡೆತ, ಅದರ ಸದ್ದು ಪೂರ್ತಿ ಅಡಗುವ ತನಕ ಮೌನ, ಮತ್ತೆ ಒಂದು ಹೊಡೆತ. ನಡುವಿನದ್ದು ಮೆಲ್ಲಗೆ ನಾಲ್ಕು ಸಲ, ಸಾಧಾರಣ ನಾಲ್ಕು ಸಲ, ಜೋರು ನಾಲ್ಕು ಸಲ. ಹಾಗೆಯೇ ಅಂಚಿನದ್ದು, ಅದುಮಿದ್ದು, ಬೆರಳಿನದ್ದು. ನಾಲ್ಕು ಬಗೆಗೆ ಒಟ್ಟು ನಲವತ್ತೆಂಟು ಹೊಡೆತ, ಅರ್ಧ ಗಂಟೆಯ ಕೆಲಸ. ನಾಲ್ಕು ನಾಲ್ಕು ಸಲ ಯಾಕೆಂದರೆ, ಒಂದೇ ಹೊಡೆತವನ್ನು ಮತ್ತೆ ಮತ್ತೆ ಕೇಳಿಸಿದರೆ ಕಿವಿಗೆ ಯಂತ್ರ ಅಂತ ತಿಳಿದುಬಿಡುತ್ತದೆ. ಮನುಷ್ಯನ ಎರಡು ಹೊಡೆತ ಯಾವತ್ತೂ ಒಂದೇ ಇರುವುದಿಲ್ಲ. ಆಮೇಲೆ ಪೂರ್ತಿ ತಾಳಗಳು, ಹಾಡಿನ ಜೊತೆ, ಅಜ್ಜನಿಗೆ ದಣಿವಾಗುವ ತನಕ. ಯಾವ ತಾಳ ಯಾವ ಹಾಡಿಗೆ, ಯಾರಿಂದ ಕಲಿತದ್ದು, ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿ.

ಕೋಲಾರಕ್ಕೆ ವಾಪಸ್ ಬಂದ ಮೇಲೆ ಹುಡುಗನ ಪಾಲಿನ ಕೆಲಸ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದು ಹೊಡೆತವನ್ನೂ ಕತ್ತರಿಸಿ, ಮುಂದಿನ ಮೌನವನ್ನು ಒತ್ತಾಗಿ ಕೊರೆದು ತೆಗೆಯಬೇಕು. ಅಲ್ಲಿ ಉಳಿದ ಮೌನವೇ ಪ್ಯಾಡಿನಲ್ಲಿ ತಡವಾಗಿ ಕೇಳುತ್ತದೆ. ಹೆಸರು ಸರಿಯಾಗಿ ಇಡಬೇಕು: ನಡು-ಮೆಲ್ಲಗೆ-1, ನಡು-ಮೆಲ್ಲಗೆ-2, ಹೀಗೆ. ಆಮೇಲೆ ಪ್ಯಾಡಿನ ಒಂದೊಂದು ಚೌಕಕ್ಕೂ ಒಂದೊಂದು ಬಗೆಯನ್ನು ಕಟ್ಟಿ, 1ರಿಂದ 50ರ ತನಕ ಮೆಲ್ಲಗಿನದ್ದು, 100ರ ತನಕ ಸಾಧಾರಣ, ಅಲ್ಲಿಂದ ಮೇಲೆ ಜೋರು ಅಂತ ಹಂಚಬೇಕು. ಈ ಲೆಕ್ಕ ಕೈ ನೋಡಿ ಬದಲಾಯಿಸಿಕೊಳ್ಳುವಂಥದ್ದು. ಎರಡು ಮೂರು ಭಾನುವಾರ ಹಿಡಿಯುತ್ತದೆ. ತಾಳ್ಮೆ ಇಲ್ಲದವನಿಗೆ ಇದು ಆಗುವುದಿಲ್ಲ, ಇರುವವನಿಗೆ ಕಲಿಸಿಕೊಡುತ್ತದೆ. ಮೂಲ ರೆಕಾರ್ಡಿಂಗನ್ನು ಮಾತ್ರ ಮುಟ್ಟದೆ ಎರಡು ಕಡೆ ಇಡಿ, ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ಊರಿನ ಯಾವುದಾದರೂ ಮನೆಯಲ್ಲಿ. ಮತ್ತು ಅಜ್ಜನ ಕೈಯನ್ನು ಹಾಡಿಗೆ ಬಳಸುವ ಮೊದಲು ಅಜ್ಜನ ಒಪ್ಪಿಗೆ ಕೇಳಿ, ಹಾಡಿನ ಕೆಳಗೆ ಅವರ ಹೆಸರು ಹಾಕಿ.

ನೆರೆಯವರ ವಿಷಯ ಬಿಟ್ಟುಹೋಯಿತು. ಹೆಡ್‌ಫೋನ್ ಹಾಕಿದರೆ ಸದ್ದಿಲ್ಲ ಅಂತ ಹುಡುಗರು ವಾದಿಸುತ್ತಾರೆ, ಆದರೆ ರಾತ್ರಿ ಹನ್ನೊಂದಕ್ಕೆ ಮೇಜಿನ ಮೇಲೆ ಬೆರಳಿನ ಡಬ್‌ಡಬ್ ಕೆಳಗಿನ ಮನೆಯ ಮಾಡಿಗೆ ಚೆನ್ನಾಗಿ ಕೇಳುತ್ತದೆ. ಪ್ಯಾಡಿನಡಿಗೆ ಹಳೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಇಡಿ. ಇಟ್ಟಿಗೆ ಗೂಡುಗಳ ಪಕ್ಕ ಇರುವ ಮಾಲೂರಿನ ಮನೆಗಳವರು ಬಳಸದ ಹೊತ್ತಿನಲ್ಲಿ ಮೇಲಿಂದ ಒಂದು ಬಟ್ಟೆಯನ್ನೂ ಹೊದಿಸಿ, ಕೆಂಪು ಧೂಳು ಚೌಕದ ಸಂದಿಗೆ ಇಳಿದರೆ ತೆಗೆಯುವುದು ಕಷ್ಟ. ಹತ್ತನೇ ಕ್ಲಾಸಿನ ಪರೀಕ್ಷೆ ಇರುವ ಮನೆಯಲ್ಲಿ ಫೆಬ್ರವರಿ, ಮಾರ್ಚ್ ಎರಡು ತಿಂಗಳು ಅದು ಉಮ್ಮನ ಅಲ್ಮಾರಿಯಲ್ಲಿರಲಿ, ಬೀಗದ ಕೈ ಉಮ್ಮನ ಹತ್ತಿರ.